ಹಳದಿ ಗೆರೆ ತಪ್ಪಿದ ನಟ್ಟು

"ನಾನೇ ಸರ್. ಮರೆತುಬಿಟ್ಟೆ. ಬರ್ಕೊಳ್ಳಿ."

ಮೇಸ್ತ್ರಿ ಇಷ್ಟು ಹೇಳಿ, ಹಳೆಯ ಬನಿಯನ್ ಚೂರಿನಿಂದ ಕೈಯ ಗ್ರೀಸ್ ಒರೆಸತೊಡಗಿದ. ಒರೆಸಿದ್ದೇ ಒರೆಸಿದ್ದು. ಕೈಯಲ್ಲಿ ಗ್ರೀಸ್ ಇದ್ದರೆ ತಾನೆ ಹೋಗುವುದಕ್ಕೆ! ಗ್ಯಾರೇಜಿಗೆ ನಾಲ್ಕು ದಿನದಿಂದ ಒಂದು ಗಾಡಿಯೂ ಬಂದಿರಲಿಲ್ಲ.

ಎದುರಿಗೆ, ಅಡ್ಡ ಹಾಕಿದ ಟೈರಿನ ಮೇಲೆ ಕೂತಿದ್ದ 'ಭೂತಗನ್ನಡಿ' ತನ್ನ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ವಿಮಾ ಕಂಪನಿಯ ಪರವಾಗಿ, ಅಪಘಾತಕ್ಕೆ ಸಿಕ್ಕ ವಾಹನಗಳನ್ನು ಪರೀಕ್ಷಿಸಿ ವರದಿ ಕೊಡುವುದು ಅವನ ಕಸುಬು. ಒಂದು ಸ್ಕ್ರೂವನ್ನು ಹತ್ತು ನಿಮಿಷ ನೋಡುವ ಅವನ ಚಾಳಿಗೆ ಆಫೀಸಿನವರು ಇಟ್ಟ ಹೆಸರು ಅದು. ಹೆತ್ತವರಿಟ್ಟ ಹೆಸರು ಹಿಡಿದು ಕರೆಯುತ್ತಿದ್ದವಳು ಹೆಂಡತಿ ಒಬ್ಬಳೇ. ಅವಳು ತೀರಿಕೊಂಡು ಆರು ವರ್ಷವಾಗಿತ್ತು.

"ಬ್ರೇಕ್ ಪೈಪಿನ ಒಂದು ನಟ್ಟು ಸಡಿಲ ಇತ್ತು ಅಂದೆ ಅಷ್ಟೆ. ನಾನಿನ್ನೂ ಉಸಿರು ತಗೊಂಡಿಲ್ಲ, ಆಗ್ಲೇ ಒಪ್ಕೊಂಡುಬಿಟ್ಟೆಯಲ್ಲ ಮೇಸ್ತ್ರಿ!"

"ತಪ್ಪು ಮಾಡಿದ ಮೇಲೆ ಒಪ್ಕೋಬೇಕಲ್ಲ ಸರ್. ಬಿಗಿ ಮಾಡೋದು ಮರೆತೆ."

ನಾಲ್ಕು ದಿನದ ಹಿಂದೆ, ಗುರುವಾರ ಬೆಳಿಗ್ಗೆ, ಸಿಸ್ಟರ್ ಒಬ್ಬಳ ಹದಿನೆಂಟು ವರ್ಷದ ಹಳೆಯ ಕಾರು ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹಳ್ಳಕ್ಕೆ ಬಿದ್ದಿತ್ತು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡುವವಳು ಈಗ ತಾನೇ ಹಾಸಿಗೆ ಹಿಡಿದಿದ್ದಳು. ಇದಕ್ಕೆಲ್ಲ ಮೇಸ್ತ್ರಿಯ ಬೇಜವಾಬ್ದಾರಿಯೇ ಕಾರಣ ಎಂದು ಅವಳ ತಮ್ಮ ಪೊಲೀಸರಿಗೆ ದೂರು ಕೊಟ್ಟಿದ್ದ. ಭೂತಗನ್ನಡಿಯ ವರದಿ ಸಂಜೆಯೊಳಗೆ ಠಾಣೆ ತಲುಪಬೇಕಿತ್ತು. ಅದರಲ್ಲಿ 'ಹೌದು' ಎಂದು ಬಿದ್ದರೆ ಗ್ಯಾರೇಜಿಗೆ ಬೀಗ, ಮೇಸ್ತ್ರಿಗೆ ಜೈಲು.

"ಸರಿ. ಯಾವ ಗಾಲಿದು?"

ಬಟ್ಟೆ ಚೂರು ಒಂದು ಗಳಿಗೆ ನಿಂತಿತು.

"ಮುಂದಿನ ಎಡಗಡೆದು ಸರ್. ಹೋದ ಸಲ ಅದಕ್ಕೇ ಹೊಸ ಪೈಪ್ ಹಾಕಿದ್ದೆ."

ಎಲಾ ಇವನ! ಭೂತಗನ್ನಡಿ ಒಳಗೇ ಅಂದುಕೊಂಡ. ಇಷ್ಟು ನಾಜೂಕಿಲ್ಲದೆ ಸುಳ್ಳು ಹೇಳುವವನನ್ನು ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವನು ಕಂಡಿರಲಿಲ್ಲ.

ಸಡಿಲವಾಗಿದ್ದದ್ದು ಹಿಂದಿನ ಬಲಗಾಲಿಯ ನಟ್ಟು. ಇವತ್ತು ಬೆಳಿಗ್ಗೆ, ಜಪ್ತಿ ಗಾಡಿಗಳ ಅಂಗಳದಲ್ಲಿ ಒಬ್ಬನೇ ಜಾಕ್ ಹಾಕಿ, ಕೆಸರಲ್ಲಿ ಅಂಗಾತ ಮಲಗಿ, ಟಾರ್ಚ್ ಹಿಡಿದು ಅದನ್ನು ನೋಡಿದ್ದ. ಗೊತ್ತಿದ್ದದ್ದು ಅವನೊಬ್ಬನಿಗೆ. ಇನ್ನೂ ಕಾಗದದ ಮೇಲೂ ಬರೆದಿರಲಿಲ್ಲ.

ಇನ್ನೊಂದು ಸಂಗತಿಯೂ ಇತ್ತು. ಈ ಮೇಸ್ತ್ರಿಗೆ ಒಂದು ರೂಢಿ. ಯಾವ ನಟ್ಟು ಬಿಗಿ ಮಾಡಿದರೂ, ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಪೇಂಟಿನಲ್ಲಿ ಒಂದು ಸಣ್ಣ ಗೆರೆ ಎಳೆಯುತ್ತಾನೆ. ಆಮೇಲೆ ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗಿ ಚಾಡಿ ಹೇಳುತ್ತದೆ. ಸಿಸ್ಟರ್ ಕಾರಿನ ತಳದಲ್ಲಿ ಭೂತಗನ್ನಡಿ ಅಂಥ ಮೂವತ್ತೇಳು ಗೆರೆ ಎಣಿಸಿದ್ದ. ಮೂವತ್ತಾರು ನೆಟ್ಟಗಿದ್ದವು. ಹಿಂದಿನ ಬಲಗಾಲಿಯದು ಮಾತ್ರ ಮುರಿದಿತ್ತು. ಅರ್ಧ ಗೆರೆ ಕಬ್ಬಿಣದ ಮೇಲೆ, ಅರ್ಧ ಗೆರೆ ನಟ್ಟಿನ ಜೊತೆ ಕಾಲು ಸುತ್ತು ಆಚೆ. ನಟ್ಟಿನ ಮೂಲೆಗಳು ಕಚ್ಚಿ ಕಚ್ಚಿ ಉರುಟಾಗಿದ್ದವು. ಕೈ ಪಳಗದ ಯಾರೋ ಇಕ್ಕಳ ಹಾಕಿ ತಿರುಗಿಸಿದ ಗುರುತು ಅದು.

ಅಂದರೆ ಮೇಸ್ತ್ರಿ ಮರೆತಿರಲಿಲ್ಲ. ಬಿಗಿ ಮಾಡಿ, ಗೆರೆ ಎಳೆದು ಕಳಿಸಿದ್ದ. ಆಮೇಲೆ ಯಾರೋ ಬಿಚ್ಚಿದ್ದರು. ಬ್ರೇಕ್ ತುಳಿದಾಗಲೆಲ್ಲ ಆಯಿಲ್ ಹನಿಹನಿಯಾಗಿ ಹೋಗಿತ್ತು. ಒಂದು ಕಡೆಯ ಬ್ರೇಕ್ ಹೋದರೂ ಇನ್ನೊಂದು ಕಡೆಯದು ಹಿಡಿಯಬೇಕಿತ್ತು, ಆದರೆ ಅದರೊಳಗಿನ ಹದಿನೆಂಟು ವರ್ಷದ ರಬ್ಬರಿಗೂ ಸುಸ್ತಾಗಿತ್ತು.

ಮಾಡದ ತಪ್ಪನ್ನು ಈ ಮನುಷ್ಯ ಯಾಕೆ ತಲೆ ಮೇಲೆ ಎಳೆದುಕೊಳ್ಳುತ್ತಿದ್ದಾನೆ?

ಭೂತಗನ್ನಡಿ ಗ್ಯಾರೇಜನ್ನು ಮತ್ತೊಮ್ಮೆ ನೋಡಿದ. ಗೋಡೆಗೆ ಸ್ಪ್ಯಾನರುಗಳು, ನೆಲದ ತುಂಬ ಎಣ್ಣೆ, ಕಿಟಕಿಯ ಹತ್ತಿರ ಸ್ಟೌ, ಎರಡು ಗಾಜಿನ ಲೋಟ. ಮೂಲೆಯಲ್ಲಿ ಒಂದು ಮರದ ಕುರ್ಚಿ, ಅದರ ಮೇಲೆ ಒಗೆದು ಮಡಿಸಿದ ಟವೆಲ್ಲು. ಇಡೀ ಗ್ಯಾರೇಜಿನಲ್ಲಿ ಎಣ್ಣೆಯ ಕಲೆ ಇಲ್ಲದ ವಸ್ತು ಅದೊಂದೇ. ಬಂದ ಕೂಡಲೇ ಅವನು ಅಲ್ಲಿ ಕೂರಲು ಹೋದಾಗ ಮೇಸ್ತ್ರಿ, "ಅದು ಬೇಡ ಸರ್, ಕಾಲು ಸರಿ ಇಲ್ಲ" ಎಂದು ಟೈರು ತೋರಿಸಿದ್ದ. ಕುರ್ಚಿಯ ನಾಲ್ಕೂ ಕಾಲು ಗಟ್ಟಿಯಾಗಿಯೇ ಇದ್ದವು.

ಅವನು ಬ್ಯಾಗಿನಿಂದ ಒಂದು ಕಟ್ಟು ಬಿಲ್ಲು ತೆಗೆದ. ಸಿಸ್ಟರ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಸಿಕ್ಕಿದ್ದವು. ಎಲ್ಲದರ ಮೇಲೂ ಮೇಸ್ತ್ರಿಯ ಗುಂಡು ಅಕ್ಷರ.

"ಗಾಡಿ ಕೊಂಡ ಮೊದಲ ಐದು ತಿಂಗಳು ನನಗೆ ಅರ್ಥ ಆಗುತ್ತೆ ಮೇಸ್ತ್ರಿ. ರೇಡಿಯೇಟರ್ ಸೋರಿಕೆ. ಕ್ಲಚ್ ಪ್ಲೇಟ್. ಆಲ್ಟರ್ನೇಟರ್. ಸಸ್ಪೆನ್ಷನ್ ಬುಷ್ಷು. ಏರದ ಕಿಟಕಿ, ಇಳಿಯದ ಕಿಟಕಿ. ಮೂರನೇ ಕೈ ದಾಟಿ ಬಂದ ಗಾಡಿ ಅಂದ್ಮೇಲೆ ಇದೆಲ್ಲ ಇದ್ದದ್ದೇ. ಕೊಂಡ ಬೆಲೆಯ ಅರ್ಧದಷ್ಟು ರಿಪೇರಿಗೇ ಸುರಿದಿದಾರೆ ಪಾಪ."

"ನಾನು ಆಗ್ಲೇ ಹೇಳಿದ್ದೆ ಸರ್, ಇದನ್ನ ಮಾರಿಬಿಡಿ ಅಂತ. 'ವಯಸ್ಸಾಯ್ತು ಅಂತ ಅಜ್ಜೀನ ಮಾರ್ತಾರಾ ಮೇಸ್ತ್ರಿ?' ಅಂದ್ರು." ಮೇಸ್ತ್ರಿಯ ಮುಖದಲ್ಲಿ ನಗು ಬಂದು, ಜಾಗ ತಪ್ಪಿತೆಂಬಂತೆ ಹೋಯಿತು. "ಗಾಡಿಗೆ ಅಜ್ಜಿ ಅಂತ ಹೆಸರಿಟ್ಟಿದ್ರು."

"ಆರನೇ ತಿಂಗಳಿಂದ ನೋಡು. 'ಹಾರನ್ ವೈರ್ ಸಡಿಲ, ಸರಿ ಮಾಡಿದೆ, ದುಡ್ಡು ಬೇಡ.' ಮುಂದಿನ ವಾರ 'ಬ್ಯಾಟರಿ ವೈರ್ ಸಡಿಲ, ದುಡ್ಡು ಬೇಡ.' ಅದರ ಮುಂದಿನ ವಾರ ವೈಪರ್. ಆಮೇಲೆ ಕನ್ನಡಿ. ಆಮೇಲೆ ಮತ್ತೆ ಹಾರನ್. ಇಪ್ಪತ್ತಮೂರು ಬಿಲ್ಲು, ಇಪ್ಪತ್ತಮೂರೂ ಗುರುವಾರ. ಗಾಡಿಗೆ ವಾರ ನೋಡ್ಕೊಂಡು ಕಾಯಿಲೆ ಬರುತ್ತಾ?"

ಮೇಸ್ತ್ರಿಯ ಕಣ್ಣು ಮೂಲೆಯ ಕುರ್ಚಿಯ ಕಡೆ ಹೋಗಿ ಬಂತು.

"ದುಡ್ಡು ಬೇಡ ಅನ್ನೋ ಮೆಕ್ಯಾನಿಕ್‌ನ ಇವತ್ತೇ ನೋಡಿದ್ದು ನಾನು. ಯಾರನ್ನ ಕಾಪಾಡ್ತಾ ಇದೀಯಾ?"

"ಯಾರನ್ನೂ ಇಲ್ಲ."

"ಹಾಗಾದ್ರೆ ಬರೀತೀನಿ." ಭೂತಗನ್ನಡಿ ಪೆನ್ನು ತೆಗೆದ. "ಗುರುವಾರ ಸಿಸ್ಟರಿಗೆ ರಜೆ. ಆ ಇಳಿಜಾರಿನ ರಸ್ತೆ ಬರೋದು ಈ ಗ್ಯಾರೇಜಿಗೆ. ನಿನ್ನ ಹತ್ತಿರಾನೇ ಬರ್ತಾ ಇದ್ದಳು, ಅಲ್ವಾ?"

ಮೇಸ್ತ್ರಿ ಅಲ್ಲೇ ಕುಕ್ಕರಿಸಿ ಕೂತುಬಿಟ್ಟ. ಐವತ್ತರ ಗಟ್ಟಿ ಆಳು. ಇಂಜಿನ್ನನ್ನು ಒಬ್ಬನೇ ಎತ್ತುವ ತೋಳು. ಆ ತೋಳಿನಲ್ಲಿ ಮುಖ ಮುಚ್ಚಿಕೊಂಡ.

"ಟೀಗೆ ನೀರಿಟ್ಟು ಕಾಯ್ತಾ ಇದ್ದೆ ಸರ್. ನೀರೆಲ್ಲ ಇಂಗಿಹೋಯ್ತು. ಇನ್ನೊಂದ್ಸಲ ಇಟ್ಟೆ. ಆಮೇಲೆ ಯಾರೋ ಬಂದು ಹೇಳಿದ್ರು."

ಭೂತಗನ್ನಡಿ ಪೆನ್ನಿಗೆ ಮುಚ್ಚಳ ಹಾಕಿದ.

"ಹಾರನ್ ವೈರು ತಾನಾಗೇ ಕಳಚ್ಕೊಳ್ಳಲ್ಲ ಸರ್. ಮೊದಲನೇ ಸಲ ನೋಡಿದಾಗ್ಲೇ ಗೊತ್ತಾಯ್ತು, ಯಾರೋ ಎಳೆದಿದಾರೆ ಅಂತ. ಎರಡನೇ ವಾರ ಬ್ಯಾಟರಿ ನಟ್ಟಿನ ಮೇಲೆ ಇಕ್ಕಳದ ಹಲ್ಲು. ಅವತ್ತು ಅವರ ಬೆರಳಿಗೂ ಬ್ಯಾಂಡೇಜು." ಮೇಸ್ತ್ರಿ ತಲೆ ಎತ್ತಲಿಲ್ಲ. "ತಾವೇ ಬಿಚ್ಚಿ, ತಾವೇ ತರ್ತಿದ್ರು. 'ಅಜ್ಜಿಗೆ ಗಂಟಲು ಕಟ್ಟಿದೆ ಮೇಸ್ತ್ರಿ, ಸ್ವಲ್ಪ ನೋಡಿ' ಅನ್ನೋರು."

"ನೀನು ಕೇಳಲಿಲ್ವಾ?"

"ಕೇಳಿದ್ರೆ ನಾಚ್ಕೊಂಡು ಬರೋದೇ ನಿಲ್ಲಿಸಿಬಿಡೋರು. ಎರಡು ನಿಮಿಷದ ಕೆಲಸಾನ ಎರಡು ಗಂಟೆ ಮಾಡ್ತಿದ್ದೆ. ಅವರು ಆ ಕುರ್ಚಿ ಮೇಲೆ ಕೂತು ಮಾತಾಡೋರು. ಯಾವ ರೋಗಿ ಊಟ ಮಾಡಿದ, ಯಾವ ರೋಗಿ ಬೈದ. ನಾನು ಬಾನೆಟ್ ಒಳಗೆ ತಲೆ ಹಾಕ್ಕೊಂಡು ಹ್ಞೂಂ ಅನ್ನೋದು. ಅಷ್ಟೇ ಸರ್. ಇನ್ನೇನೂ ಇಲ್ಲ."

"ಈ ಸಲ ಬ್ರೇಕಿಗೆ ಕೈ ಹಾಕಿದಳು ಅಂತ ನಿನ್ನ ಲೆಕ್ಕ."

"ಯಾವುದು ಏನು ಅಂತ ಅವರಿಗೇನು ಗೊತ್ತು? ಸಿಕ್ಕಿದ್ದನ್ನ ತಿರುಗಿಸಿರ್ತಾರೆ." ಮೇಸ್ತ್ರಿ ಈಗ ತಲೆ ಎತ್ತಿದ. "ತಾನೇ ಬಿಚ್ಚಿಕೊಂಡು ಬಿದ್ದಳು ಅಂತ ನೀವು ಬರೆದ್ರೆ ಜನ ಯಾಕೆ ಅಂತ ಕೇಳ್ತಾರೆ. ಕೇಳಿ ನಗ್ತಾರೆ. ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಂತಾರೆ. ನನಗೆ ಜೈಲಾದ್ರೆ ಆಗ್ಲಿ. ನನಗೂ ಮನೇಲಿ ಯಾರು ಕಾಯ್ತಿದಾರೆ? ಅವರನ್ನ ನೋಡಿ ಯಾರೂ ನಗಬಾರ್ದು ಸರ್."

ಭೂತಗನ್ನಡಿಗೆ ಇದನ್ನು ಕೇಳಿ ಹುಟ್ಟಿದ್ದು ಮರುಕವೇನಲ್ಲ, ಹೊಟ್ಟೆಕಿಚ್ಚು. ಆರು ವರ್ಷದಿಂದ ಅವನು ತನ್ನ ಒಂಟಿ ಕೋಣೆಯ ಬೀಗ ತೆಗೆದು, ರೇಡಿಯೋ ಹಚ್ಚಿ, ಅದರ ಜೊತೆಗೇ ಊಟ ಮಾಡುತ್ತಿದ್ದ. ತನ್ನನ್ನು ನೋಡುವ ನೆಪಕ್ಕೆ ಯಾರಾದರೂ ಒಂದೇ ಒಂದು ಸ್ಕ್ರೂ ಸಡಿಲ ಮಾಡಿದ್ದರೆ ಎಂದು ಅನ್ನಿಸಿ, ಅವನಿಗೆ ನಾಚಿಕೆಯಾಯಿತು.

ಸಡಿಲವಾಗಿದ್ದದ್ದು ಯಾವ ಗಾಲಿಯ ನಟ್ಟು ಎಂದು ಅವನು ಬಾಯಿ ಬಿಡಲಿಲ್ಲ. ಅದೇ ಪ್ರಶ್ನೆಯನ್ನು ಇನ್ನೊಬ್ಬರಿಗೂ ಕೇಳಬೇಕಿತ್ತು.

"ನಾನು ಬರೋವರೆಗೂ ಎಲ್ಲೂ ಹೋಗಬೇಡ," ಎಂದು ಹೇಳಿ ಎದ್ದ.

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಆರು ಮಂಚದ ವಾರ್ಡು. ಐದು ಮಂಚದ ಸುತ್ತ ನೆಂಟರು, ಫ್ಲಾಸ್ಕು, ಕಿತ್ತಳೆ ಸಿಪ್ಪೆ, ಗದ್ದಲ. ಕಿಟಕಿಯ ಪಕ್ಕದ ಆರನೆಯದರ ಹತ್ತಿರ ಒಂದೇ ಕುರ್ಚಿ. ಅದರಲ್ಲಿ ಕೂತಿದ್ದವನು ಭೂತಗನ್ನಡಿಯನ್ನು ಕಂಡು ಎದ್ದು ಕೈ ಮುಗಿದ.

"ನಾನು ಇವರ ತಮ್ಮ ಸರ್. ಕೂತ್ಕೊಳ್ಳಿ. ನಾಲ್ಕು ದಿನದಿಂದ ಇಲ್ಲೇ ಇದೀನಿ." ಮೂವತ್ತರ ಆಸುಪಾಸಿನ ಹುಡುಗ, ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. "ಆ ಮೇಸ್ತ್ರೀನ ಸುಮ್ಮನೆ ಬಿಡಬೇಡಿ ಸರ್. ಅಕ್ಕ ನನ್ನನ್ನ ಸಾಕಿದೋಳು. ಅವಳಿಗೆ ಏನಾದ್ರೂ ಆಗಿದ್ದಿದ್ರೆ?"

"ಹೋಗಿ ಮಾತ್ರೆ ತಗೊಂಡು ಬಾರೋ, ಕೆಳಗೆ ಸಾಲು ಬೆಳೆಯುತ್ತೆ," ಎಂದಳು ಸಿಸ್ಟರ್ ಮಂಚದಿಂದಲೇ. ಅವನು ಚೀಟಿ ಹಿಡಿದು ಹೋದ.

ನಲವತ್ತೈದರ ಹೆಂಗಸು. ಸೊಂಟದಿಂದ ಕೆಳಗೆ ಕಲ್ಲಿನಂಥ ಪ್ಲಾಸ್ಟರು. ಇವನು ಯಾರೆಂದು ತಿಳಿದ ಕೂಡಲೇ ಕೇಳಿದ್ದು ವಿಮೆಯ ದುಡ್ಡನ್ನಲ್ಲ.

"ಅಜ್ಜಿ ಹೇಗಿದಾಳೆ?"

"ಮೂಗು ಜಜ್ಜಿಹೋಗಿದೆ. ಬದುಕೋದು ಕಷ್ಟ."

"ಅಯ್ಯೋ, ಆ ಮೂಗಿಗೆ ಎಷ್ಟು ಖರ್ಚು ಮಾಡಿದ್ದೆ!" ಎಂದು ನಕ್ಕಳು. ನಕ್ಕಿದ್ದಕ್ಕೆ ಸೊಂಟ ನೊಂದು ತುಟಿ ಕಚ್ಚಿದಳು.

ಸುತ್ತಿಬಳಸಿ ಮಾತಾಡುವುದು ಭೂತಗನ್ನಡಿಗೆ ಬರುತ್ತಿರಲಿಲ್ಲ. "ಬ್ರೇಕ್ ಪೈಪಿನ ಒಂದು ನಟ್ಟು ಸಡಿಲ ಇತ್ತು ಸಿಸ್ಟರ್. ಬಿಗಿ ಮಾಡೋದು ಮರೆತೆ ಅಂತ ಮೇಸ್ತ್ರಿ ಒಪ್ಕೊಂಡಿದಾನೆ. ಜೈಲಾಗುತ್ತೆ."

ಅವಳು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಸುಳ್ಳು ಅದು. ನಾನೇ ಬಿಚ್ಚಿದ್ದು."

"ನೀವಾ? ಯಾವ ಗಾಲಿದು?"

"ಮುಂದಿನ... ಎಡಗಡೆದು. ಹೋದ ಸಲ ಅವರು ರಿಪೇರಿ ಮಾಡಿದ್ದರಲ್ಲ, ಅದು. ನಾನೇ ಬಿಚ್ಚಿದೆ. ಅವರದೇನೂ ತಪ್ಪಿಲ್ಲ, ಬರ್ಕೊಳ್ಳಿ."

ಭೂತಗನ್ನಡಿ ನಕ್ಕುಬಿಟ್ಟ. ಜೋರಾಗಿಯೇ ನಕ್ಕ. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ತಾನು ಹೀಗೆ ನಕ್ಕು ಎಷ್ಟು ಕಾಲವಾಯಿತೆಂದು ಅವನಿಗೇ ನೆನಪಾಗಲಿಲ್ಲ.

"ಇಬ್ಬರೂ ಅದೇ ಗಾಲಿ ಹೇಳ್ತೀರಲ್ಲ! ಮುಂದಿನ ಎಡಗಡೆ ನಟ್ಟು ಕಲ್ಲಿನ ಹಾಗೆ ಗಟ್ಟಿ ಇದೆ ತಾಯಿ. ಸಡಿಲ ಆಗಿದ್ದು ಹಿಂದಿನ ಬಲಗಾಲಿದು. ಅದನ್ನೂ ಅವನು ಬಿಗಿ ಮಾಡಿ ಗೆರೆ ಎಳೆದೇ ಕಳಿಸಿದ್ದ. ಆಮೇಲೆ ಯಾರೋ ಬಿಚ್ಚಿದಾರೆ."

"ಹಾಗಾದ್ರೆ ಅವರು ಮರೆತಿಲ್ಲ?"

"ಇಲ್ಲ."

"ಅವರದು ತಪ್ಪಿಲ್ಲ?"

"ಇಲ್ಲಮ್ಮ. ನಿಮ್ಮನ್ನ ಉಳಿಸೋಕೆ ಅವನು ಸುಳ್ಳು ಹೇಳಿದ, ಅವನನ್ನ ಉಳಿಸೋಕೆ ನೀವು ಸುಳ್ಳು ಹೇಳಿದ್ರಿ."

ಸಿಸ್ಟರ್ ಕಣ್ಣು ಮುಚ್ಚಿದಳು. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. "ಈ ಸಲ ವೈಪರ್ ಮಾತ್ರ ಸಡಿಲ ಮಾಡಿದ್ದೆ," ಎಂದಳು ಮೆಲ್ಲಗೆ. "ಬ್ರೇಕಿಗೆ ಕೈ ಹಾಕೋಷ್ಟು ಹುಚ್ಚು ಹಿಡಿದಿಲ್ಲ ನನಗೆ." ಆಮೇಲೆ ಏನೋ ಹೊಳೆದು ಕಣ್ಣು ಬಿಟ್ಟಳು. "ನನ್ನನ್ನ ಉಳಿಸೋಕೆ ಅಂದ್ರೆ... ನಾನು ಬಿಚ್ತಿದ್ದದ್ದು ಅವರಿಗೆ ಗೊತ್ತಾ?"

"ಮೊದಲನೇ ಹಾರನ್‌ನಿಂದಲೂ ಗೊತ್ತಂತೆ."

"ಅಯ್ಯಯ್ಯೋ!" ಅವಳು ಹೊದಿಕೆಯನ್ನು ತಲೆಯವರೆಗೂ ಎಳೆದುಕೊಂಡಳು. ಒಳಗಿನಿಂದ ನಗುವೋ ಅಳುವೋ ತಿಳಿಯದ ಸದ್ದು ಬಂತು.

ಭೂತಗನ್ನಡಿ ಕಾದ. ಅವಳು ಮುಖ ಹೊರಗೆ ಹಾಕಿದ ಮೇಲೆ ಕೇಳಲೇಬೇಕಾದದ್ದನ್ನು ಕೇಳಿದ.

"ನಿಮ್ಮ ಮೇಲೆ ಸಿಟ್ಟಿರೋರು ಯಾರಿದಾರೆ ಸಿಸ್ಟರ್?"

"ಸಿಟ್ಟು ಮಾಡ್ಕೊಳ್ಳೋಕಾದ್ರೂ ಜನ ಬೇಕಲ್ಲ ಸರ್. ರೋಗಿಗಳು, ಅವರ ಮನೆಯವರು, ಕೆಲಸ ಮುಗೀತು ಅಂದ್ರೆ ಬಾಗಿಲು ಹಾಕ್ಕೋತಾರೆ. ನನಗೆ ಅಂತ ಇರೋನು ಇವನೊಬ್ಬ. ಅಪ್ಪ ಅಮ್ಮ ಹೋದಾಗ ಆರು ವರ್ಷದೋನು, ಕೈಹಿಡಿದು ನಡೆಸಿದೀನಿ. ಇವನೂ ಇಲ್ಲದಿದ್ರೆ ಯಾರಿಗೋಸ್ಕರ ಮನೆಗೆ ಹೋಗ್ಲಿ ಹೇಳಿ?"

ಅಷ್ಟರಲ್ಲಿ ಭೂತಗನ್ನಡಿಯ ಮೊಬೈಲ್ ಗುರುಗುಟ್ಟಿತು. ಠಾಣೆಯ ಇನ್ಸ್‌ಪೆಕ್ಟರು. ಅವನು ಎದ್ದು ಕಿಟಕಿಯ ಕಡೆ ತಿರುಗಿ ನಿಂತ.

"ನಿಮ್ಮ ವರದಿಗೆ ಅವಸರ ಏನಿಲ್ಲ ಬಿಡಿ," ಇನ್ಸ್‌ಪೆಕ್ಟರ್ ಖುಷಿಯಲ್ಲಿದ್ದರು. "ಮೇಸ್ತ್ರಿ ತಾನೇ ಬಂದ. ತಪ್ಪೊಪ್ಪಿಗೆ ಬರೆದು ಸಹಿ ಹಾಕಿದ. ಒಳಗೆ ಕೂರಿಸಿದೀನಿ."

ಎಲ್ಲೂ ಹೋಗಬೇಡ ಅಂದರೆ ನೆಟ್ಟಗೆ ಠಾಣೆಗೇ ಹೋಗಿದ್ದಾನೆ ಮಹಾಶಯ!

"ಅವನು ಬರೆದಿದ್ದು ಸುಳ್ಳು ಸರ್. ಹರಿದುಹಾಕಿ. ಯಾವ ನಟ್ಟು ಅನ್ನೋದೇ ಅವನಿಗೆ ಗೊತ್ತಿಲ್ಲ. ಮುಂದಿನ ಎಡಗಾಲಿ ಅಂತ ತಾನೇ ಬರೆದಿರೋದು?"

"ಹಾಗೇ ಬರೆದಿದ್ದ. ನಾನೇ ತಿದ್ದಿಸಿದೆ."

"ತಿದ್ದಿಸಿದ್ರಾ?"

"ಮತ್ತೆ? ಹೇಳಿಕೆಗೂ ದೂರಿಗೂ ತಾಳೆ ಬೀಳಬೇಕಲ್ಲ. ದೂರಲ್ಲಿ ಸ್ಪಷ್ಟವಾಗಿ ಇದೆ, 'ಹಿಂದಿನ ಬಲಗಾಲಿಯ ಬ್ರೇಕ್ ಪೈಪಿನ ನಟ್ಟು ಬಿಗಿ ಮಾಡದೆ ಬಿಟ್ಟಿದ್ದಾನೆ' ಅಂತ."

ಭೂತಗನ್ನಡಿ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದ. ಕಂಪನಿ ಅವನಿಗೆ ಕಳಿಸಿದ್ದು ದೂರಿನ ಸಾರಾಂಶ, ಒಂದೇ ಸಾಲು. ಪೂರ್ತಿ ದೂರನ್ನು ಅವನು ಓದಿರಲಿಲ್ಲ.

"ಆ ದೂರು ಎಷ್ಟು ಹೊತ್ತಿಗೆ ಬಂತು ಸರ್? ಒಂಚೂರು ನೋಡಿ ಹೇಳಿ."

ಆ ಕಡೆ ಕಾಗದ ಮಗುಚಿದ ಸದ್ದು.

"ಗುರುವಾರ. ಬೆಳಿಗ್ಗೆ ಹತ್ತೂವರೆ. ಯಾಕೆ?"

ಗುರುವಾರ ಹತ್ತೂವರೆಗೆ ಕಾರು ಹಳ್ಳದಲ್ಲಿ ಬಾಗಿಲವರೆಗೂ ಕೆಸರಲ್ಲಿ ಹೂತುಕೊಂಡಿತ್ತು. ಕ್ರೇನು ತಂದು ಎತ್ತಿದ್ದು ಶುಕ್ರವಾರ ಮಧ್ಯಾಹ್ನ. ಅದರ ತಳದ ಆ ಸಡಿಲ ನಟ್ಟನ್ನು ಕಣ್ಣಿಂದ ಕಂಡವನು ಇವತ್ತಿನವರೆಗೆ ತಾನೊಬ್ಬನೇ. ಅಲ್ಲ, ಇಬ್ಬರು. ಇನ್ನೊಬ್ಬ, ಅದನ್ನು ಬಿಚ್ಚಿ ದೂರಲ್ಲಿ ಬರೆದವನು.

"ಹಲೋ? ಇದೀರಾ?"

"ಅವನನ್ನ ಕೋರ್ಟಿಗೆ ಕಳಿಸಬೇಡಿ ಸರ್. ಆಮೇಲೆ ಫೋನ್ ಮಾಡ್ತೀನಿ."

ತಿರುಗಿದ. ತಮ್ಮ ಯಾವಾಗಲೋ ಬಂದು ಮಂಚದ ಆಚೆ ಬದಿ ನಿಂತಿದ್ದ. ಒಂದು ಕೈಯಲ್ಲಿ ಮಾತ್ರೆ, ಒಂದು ಕೈಯಲ್ಲಿ ನೀರಿನ ಲೋಟ. ಎಷ್ಟು ಕೇಳಿಸಿಕೊಂಡಿದ್ದನೋ ಅವನ ಮುಖದಿಂದ ತಿಳಿಯುವಂತಿರಲಿಲ್ಲ. ಸಿಸ್ಟರ್ ಅವನ ತೋಳು ಹಿಡಿದು ಸ್ವಲ್ಪ ಎದ್ದು ಕೂರಲು ಹೆಣಗುತ್ತಿದ್ದಳು. ಮುಖದಲ್ಲಿ ಇನ್ನೂ ಆ ಮೊದಲಿನ ಸಂತೋಷ ಆರಿರಲಿಲ್ಲ.

"ಲೋ, ಕೇಳೋ ಇಲ್ಲಿ, ಮೇಸ್ತ್ರಿದು ಏನೂ ತಪ್ಪಿಲ್ಲವಂತೆ!"

"ಹೌದಾ ಅಕ್ಕ?" ಅವನು ಮಾತ್ರೆಯನ್ನು ಅವಳ ಅಂಗೈಯಲ್ಲಿಟ್ಟ. ಭೂತಗನ್ನಡಿಯ ಕಡೆ ನೋಡಿ ತುಂಬ ಮರ್ಯಾದೆಯಿಂದ ಹೇಳಿದ: "ನಿಮಗೂ ಸುಸ್ತಾಗಿರುತ್ತೆ. ನೀವು ಹೊರಡಿ ಸರ್. ಅಕ್ಕನ ಜೊತೆ ನಾನಿದೀನಲ್ಲ."

ಭೂತಗನ್ನಡಿ ಕೈ ಚಾಚಿ, ಅವಳ ಅಂಗೈಯ ಮಾತ್ರೆಯನ್ನು ಎತ್ತಿಕೊಂಡು, ಆ ಒಂದೇ ಕುರ್ಚಿಯಲ್ಲಿ ಕೂತ.